ಸೂಜಿ ಯಾರ ಕೈಲಿರಬೇಕು?

ತುರುವೇಕೆರೆಯಿಂದ ತಿಪಟೂರಿನ ಕಾಲೇಜಿಗೆ ಬಸ್ ಹತ್ತೋ ಹುಡುಗಿಗೆ ಟೈಪ್ 1 ಡಯಾಬಿಟಿಸ್ ಇದೆ ಅಂದ್ಕೊಳ್ಳಿ. ಇಷ್ಟು ವರ್ಷ ಇನ್ಸುಲಿನ್ ಚುಚ್ಚಿದ್ದು ಅಮ್ಮ. ಸೂಜಿ ಈಗ ಅವಳ ಕೈಗೆ ಬರಬೇಕು, ಆದ್ರೆ ಒಂದೇ ದಿನಕ್ಕಲ್ಲ. ಡೋಸ್ ಲೆಕ್ಕ ಅವಳು ಹೇಳ್ಲಿ, ಅಮ್ಮ ಪಕ್ಕದಲ್ಲಿ ಕೂತು ನೋಡ್ಲಿ. ಡಾಕ್ಟರ್ ಕೇಳಿದ್ದಕ್ಕೆ ಅವಳೇ ಉತ್ತರ ಕೊಡ್ಲಿ. ಆಗ ಅಪ್ಪ-ಅಮ್ಮಂದಿರಿಗೆ ಸುಮ್ನಿರೋದೇ ಕಷ್ಟ, ಬಿಡಿ!

ಶುಗರ್ 70ಕ್ಕಿಂತ ಕೆಳಗಿಳಿದ್ರೆ? ನಮ್ಮ ಕಡೆ ಥಟ್ಟನೆ ಎಳನೀರು ಕೆತ್ತಿ ಕೊಡ್ತಾರೆ. ಅದರಲ್ಲಿ ಸಕ್ಕರೆ ಕಮ್ಮಿ, ಒಂದೊಂದು ಕಾಯಲ್ಲಿ ಒಂದೊಂದು ಥರ. ಬೇಕಿರೋದು 15 ಗ್ರಾಂ ಗ್ಲೂಕೋಸ್, ಇಲ್ಲಾಂದ್ರೆ ನೀರಿಗೆ ಮೂರು ಚಮಚ ಸಕ್ಕರೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಗ್ಲೂಕೋಸ್ ಪೊಟ್ಟಣ ಅವಳ ಬ್ಯಾಗಲ್ಲೇ ಇರ್ಲಿ, ವಿಷಯ ಒಬ್ಬ ಗೆಳತಿಗಾದ್ರೂ ಗೊತ್ತಿರ್ಲಿ.