ಬಿಯರ್ ತೀರ್ಪುಗಾರರ ಪರೀಕ್ಷೆಯ ಸಿದ್ಧತೆ: ರುಚಿಪದಗಳ ಕಲಿಕೆಯನ್ನು ಕುರಿತು

ವಾಸನೆ ಮತ್ತು ರುಚಿಗಳನ್ನು ಮಾತಿನಲ್ಲಿ ಹಿಡಿಯುವುದು ದುಸ್ಸಾಧ್ಯವೆಂಬ ಅಭಿಪ್ರಾಯ ಅರ್ಥವಿಜ್ಞಾನದಲ್ಲಿ ಹಳೆಯದು. ಸಾಮಾನ್ಯ ಕುಡಿಯುವವರು ಒಂದೇ ವೈನಿಗೆ ಬಳಸುವ ಪದಗಳಲ್ಲಿ ಒಮ್ಮತ ಎಷ್ಟು ಕಡಿಮೆಯೆಂಬುದನ್ನು ಏಡ್ರಿಯನ್ ಲೆಹ್ರರ್ ಅವರ 1983ರ ಅಧ್ಯಯನ ತೋರಿಸಿಕೊಟ್ಟಿತು. ಈ ಒಮ್ಮತವನ್ನು ಕಲಿಸಬಹುದು, ಅಂಕಗಳಲ್ಲಿ ಅಳೆಯಲೂಬಹುದು ಎಂಬ ನಂಬಿಕೆಯ ಮೇಲೆ ನಿಂತ ಪರೀಕ್ಷೆಯೊಂದು ಅಮೆರಿಕದಲ್ಲಿದೆ. 1985ರಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ನಡೆಸುವ ಈ ಪರೀಕ್ಷೆಯ ಸಿದ್ಧತೆಯನ್ನು ನಾವಿಲ್ಲಿ ಪದಕೋಶದ ಕಲಿಕೆಯಾಗಿ ಪರಿಶೀಲಿಸುತ್ತೇವೆ.

ಮೊದಲ ಹಂತ ಅಂತರಜಾಲದ ಪ್ರವೇಶ ಪರೀಕ್ಷೆ: ಅರುವತ್ತು ನಿಮಿಷಗಳಲ್ಲಿ 180 ಪ್ರಶ್ನೆಗಳು. ಅದು ಮಾಹಿತಿಯ ಪರೀಕ್ಷೆಯಾದುದರಿಂದ ಇಲ್ಲಿ ಅಷ್ಟಾಗಿ ಪ್ರಸ್ತುತವಲ್ಲ. ನಮಗೆ ಮುಖ್ಯವಾದುದು ಎರಡನೆಯದಾದ ರುಚಿ ಪರೀಕ್ಷೆ. ಅಭ್ಯರ್ಥಿಯ ಮುಂದೆ ತೊಂಬತ್ತು ನಿಮಿಷಗಳಲ್ಲಿ ಆರು ಬಿಯರುಗಳು ಬರುತ್ತವೆ. ಪ್ರತಿಯೊಂದಕ್ಕೂ ಐವತ್ತು ಅಂಕಗಳ ಹಾಳೆಯೊಂದನ್ನು ತುಂಬಬೇಕು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಸ್ಪರ್ಶಕ್ಕೆ 5, ಒಟ್ಟು ಪರಿಣಾಮಕ್ಕೆ 10. ಅನುಭವಿ ತೀರ್ಪುಗಾರರು ಅದೇ ಬಿಯರುಗಳನ್ನು ಪ್ರತ್ಯೇಕವಾಗಿ ಸವಿದು ಬರೆದಿರುತ್ತಾರೆ; ಅಭ್ಯರ್ಥಿಯ ಹಾಳೆಯನ್ನು ಅವರ ಹಾಳೆಗಳ ಜೊತೆಗಿಟ್ಟು ಮೌಲ್ಯಮಾಪನ ಮಾಡಲಾಗುತ್ತದೆ. ಅಂಕಗಳ ನಿಖರತೆ, ಗ್ರಹಿಕೆ, ವರ್ಣನೆ, ಸಲಹೆ, ಪೂರ್ಣತೆ ಎಂಬ ಐದು ಮಾನದಂಡಗಳಲ್ಲಿ ಮೂರಾದರೂ ನೇರವಾಗಿ ಭಾಷೆಯವೇ ಎಂದು ನಾವು ಎಣಿಸುತ್ತೇವೆ.

ಸಿದ್ಧತೆಯಲ್ಲಿ ಅಭ್ಯರ್ಥಿ ಬಿಡಬೇಕಾದ ಪದಗಳೇ ಮೊದಲು ಗಮನಕ್ಕೆ ಬರುತ್ತವೆ. 'ಚೆನ್ನಾಗಿದೆ', 'ಹಿತವಾಗಿದೆ' ಎಂಬ ಮೌಲ್ಯಸೂಚಕಗಳಿಗೆ ಇಲ್ಲಿ ಬೆಲೆಯಿಲ್ಲ. ಅವುಗಳ ಜಾಗದಲ್ಲಿ ಮೂಲವನ್ನು ಹೆಸರಿಸುವ ಪದ ಬರಬೇಕು: ಹಸಿರು ಸೇಬು, ಬೇಯಿಸಿದ ಜೋಳ, ಲವಂಗ, ಒದ್ದೆ ರಟ್ಟು. ಈ ಪದಗಳಿಗೆ ಕಟ್ಟುನಿಟ್ಟಾದ ನಿರ್ದೇಶ್ಯಗಳುಂಟು. ಹಸಿರು ಸೇಬೆಂದರೆ ಅಸಿಟಾಲ್ಡಿಹೈಡ್, ಬೇಯಿಸಿದ ಜೋಳವೆಂದರೆ ಡೈಮೀಥೈಲ್ ಸಲ್ಫೈಡ್, ಬೆಣ್ಣೆಯೆಂದರೆ ಡಯಾಸಿಟೈಲ್. ಆದ್ದರಿಂದಲೇ ಅಭ್ಯರ್ಥಿಗಳು ಶುದ್ಧ ರಾಸಾಯನಿಕವನ್ನು ಅಳತೆಯಂತೆ ಬೆರೆಸಿದ ತಿಳಿ ಲಾಗರನ್ನೂ ಬೆರೆಸದ ಲಾಗರನ್ನೂ ಪಕ್ಕಪಕ್ಕದಲ್ಲಿಟ್ಟು ಮೂಸುತ್ತಾರೆ. ಇದು ಮಗುವಿಗೆ ವಸ್ತುವನ್ನು ತೋರಿಸಿ ಹೆಸರು ಹೇಳಿಕೊಡುವ ವಿಧಾನವೇ; ತೋರುವ ಬೆರಳಿನ ಕೆಲಸವನ್ನು ಇಲ್ಲಿ ಲೋಟ ಮಾಡುತ್ತದೆ.

ಆದರೆ ಮಾದರಿವಸ್ತು ಎಲ್ಲರಿಗೂ ಒಂದೇ ಅಲ್ಲ. ಬೆಳಕು ತಗುಲಿ ಕೆಟ್ಟ ಬಿಯರನ್ನು ಇಂಗ್ಲಿಷಿನಲ್ಲಿ ಸ್ಕಂಕ್ ಎಂಬ ಪ್ರಾಣಿಯ ಹೆಸರಿನಿಂದ ವರ್ಣಿಸುತ್ತಾರೆ. ಆ ಪ್ರಾಣಿ ಇಲ್ಲದ ನಾಡಿನವನಿಗೆ ಈ ಪದದ ಅರ್ಥ ತಿರುಗುಮುರುಗಾಗಿ ಸಿಕ್ಕುತ್ತದೆ: ಅವನು ಬಿಯರಿನಿಂದ ಸ್ಕಂಕನ್ನು ಊಹಿಸಬೇಕಾಗುತ್ತದೆ. ಬಿಸಿಲಿನಲ್ಲಿಟ್ಟ ಹಸಿರು ಬಾಟಲಿಯೇ ಅವನಿಗೆ ಪಠ್ಯ. ಬೆಣ್ಣೆಯ ವಿಚಾರ ಇನ್ನೂ ಸೂಕ್ಷ್ಮ. ಮೊಸರು ಕಡೆದು ತೆಗೆದ ಮನೆಯ ಬೆಣ್ಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕುವ ಕನ್ನಡಿಗನಿಗಿಂತ ಚಿತ್ರಮಂದಿರದ ಪಾಪ್‌ಕಾರ್ನನ್ನು ನೆನೆಯುವವನು ಡಯಾಸಿಟೈಲನ್ನು ಬೇಗ ಗುರುತಿಸಿಯಾನು ಎಂಬುದು ನಮ್ಮ ಊಹೆ. ಲವಂಗಕ್ಕೆ ಇಂಥ ತೊಡಕಿಲ್ಲ.

ಪದದ ಜೊತೆಗೆ ಪ್ರಮಾಣವನ್ನೂ ಹೇಳಬೇಕು: ಅಲ್ಪ, ಮಧ್ಯಮ, ಅಧಿಕ. ಇದಕ್ಕಿಂತ ಕುತೂಹಲಕರವಾದುದು ನಿಷೇಧ. ಇರುವುದನ್ನು ಮಾತ್ರವಲ್ಲದೆ ಇಲ್ಲದಿರುವುದನ್ನೂ ದಾಖಲಿಸುವಂತೆ ಅಭ್ಯರ್ಥಿಗೆ ಕಲಿಸಲಾಗುತ್ತದೆ. 'ಈ ಕಾಫಿಯಲ್ಲಿ ಸೀಮೆಎಣ್ಣೆಯ ವಾಸನೆ ಇಲ್ಲ' ಎಂದು ಯಾರಾದರೂ ಹೇಳಿದರೆ ನಾವು ಲೋಟವನ್ನು ಕೆಳಗಿಡುತ್ತೇವೆ. ನಿಷೇಧವು ನಿರೀಕ್ಷೆಯೊಂದನ್ನು ಪೂರ್ವಕಲ್ಪಿಸುತ್ತದೆ. ಹಾಳೆಯಲ್ಲಿ 'ಡಯಾಸಿಟೈಲ್ ಇಲ್ಲ' ಎಂಬುದು ಸಹಜವಾಗಿ ನಿಲ್ಲಲು ಕಾರಣ, ನಿರೀಕ್ಷೆಯನ್ನು ಶೈಲಿಯ ಕೈಪಿಡಿ ಮೊದಲೇ ಒದಗಿಸಿರುವುದು. ಚೆಕ್ ಪೇಲ್ ಲಾಗರಿನಲ್ಲಿ ಅಲ್ಪ ಡಯಾಸಿಟೈಲ್ ಒಪ್ಪಿತ, ಜರ್ಮನ್ ಪಿಲ್ಸ್‌ನಲ್ಲಿ ಅದು ದೋಷ. ಪದ ಒಂದೇ, ಮೌಲ್ಯ ಬೇರೆ. ಅಪಾಯವಿರುವುದೂ ಇಲ್ಲಿಯೇ. ಶೈಲಿಯ ಹೆಸರನ್ನು ಅಭ್ಯರ್ಥಿಗೆ ತಿಳಿಸಿರುತ್ತಾರೆ. ಕೈಪಿಡಿಯನ್ನು ಬಾಯಿಪಾಠ ಮಾಡಿದವನು ಲೋಟದಲ್ಲಿಲ್ಲದ ಗುಣಗಳನ್ನೂ ಬರೆದುಬಿಡಬಲ್ಲ. ಶೈಲಿಗೆ ಹೊಂದದ ಅಥವಾ ದೋಷವುಳ್ಳ ಬಿಯರನ್ನು ನೀಡಿದಾಗ ಈ ಕಂಠಪಾಠ ಬಯಲಾಗುತ್ತದೆ.

ಹೆಸರು ತಪ್ಪಿದರೆ ನಷ್ಟ ಅಭ್ಯರ್ಥಿಯದು ಮಾತ್ರವಲ್ಲ. ಸ್ಪರ್ಧೆಗಳಲ್ಲಿ ಈ ಹಾಳೆ ಬಿಯರ್ ತಯಾರಿಸಿದವನ ಕೈಗೆ ಮರಳುತ್ತದೆ. ಕಹಿ ಮತ್ತು ಒಗರುಗಳನ್ನು ಬೇರ್ಪಡಿಸುವುದು ಇಂಗ್ಲಿಷ್ ಭಾಷಿಕ ಅಭ್ಯರ್ಥಿಗೆ ಕಷ್ಟ, ಏಕೆಂದರೆ ಎರಡನೆಯದಕ್ಕೆ ಆ ಭಾಷೆಯಲ್ಲಿರುವುದು ದಿನಬಳಕೆಯ ಮಾತಲ್ಲ, ಪಂಡಿತರ ಪದ. ಕಹಿ ಹಾಪ್ಸ್‌ನಿಂದ ಬರುತ್ತದೆ. ಒಗರು ಬಹುಮಟ್ಟಿಗೆ ಧಾನ್ಯದ ಹೊಟ್ಟಿನ ಟ್ಯಾನಿನ್‌ನಿಂದ, ಧಾನ್ಯವನ್ನು ತೊಳೆಯುವ ನೀರು ಅತಿಯಾಗಿ ಕಾದಾಗ ಅಥವಾ ಅದರ ಕ್ಷಾರೀಯತೆ ಹೆಚ್ಚಿದಾಗ ಬರುತ್ತದೆ. ಒಗರನ್ನು ಕಹಿಯೆಂದು ಬರೆದರೆ ತಯಾರಕನು ಹಾಪ್ಸ್ ಕಡಿಮೆ ಮಾಡುತ್ತಾನೆ, ದೋಷ ಇದ್ದಲ್ಲೇ ಇರುತ್ತದೆ.

ಕನ್ನಡದಲ್ಲಿ ಒಗರು ಮನೆಮಾತು. ಅಡಕೆಕಾಯಿ ಅಗಿದ, ನೆಲ್ಲಿಕಾಯಿ ಕಚ್ಚಿದ ಮಗುವಿಗೂ ಗೊತ್ತಿರುವ ಪದವದು. ಷಡ್ರಸಗಳಲ್ಲಿ ಅದಕ್ಕೊಂದು ಸ್ಥಾನವೂ ಇದೆ. ಬಿಯರ್ ಹಾಳೆಯಾದರೋ ಒಗರನ್ನು ಬಾಯಿಸ್ಪರ್ಶದ ವಿಭಾಗಕ್ಕೆ ಸೇರಿಸುತ್ತದೆ. ಹಾಗಾಗಿ ಕನ್ನಡ ಮಾತಾಡುವ ಅಭ್ಯರ್ಥಿ ಅನುಭವವನ್ನು ಸುಲಭವಾಗಿ ಹೆಸರಿಸಿಯೂ ಅದನ್ನು ರುಚಿಯ ವಿಭಾಗದಲ್ಲಿ ಮಾತ್ರ ಬರೆದು ಬಾಯಿಸ್ಪರ್ಶವನ್ನು ಖಾಲಿ ಬಿಡುವ ಸಂಭವವಿದೆ. ಇದನ್ನು ಪರೀಕ್ಷಿಸುವುದು ಕಠಿಣವಲ್ಲ. ಕಹಿಯನ್ನು ಮಾತ್ರ ಹೆಚ್ಚಿಸಿದ ಒಂದು ಮಾದರಿ, ಟ್ಯಾನಿನ್ ಬೆರೆಸಿದ ಇನ್ನೊಂದು, ಎರಡೂ ಇರುವ ಮೂರನೆಯದು; ಬಿಯರ್ ಪರಿಚಯವಿಲ್ಲದ ಕನ್ನಡ ಮತ್ತು ಇಂಗ್ಲಿಷ್ ಭಾಷಿಕರ ಎರಡು ಗುಂಪುಗಳು. ಕಾಫಿ ಅಥವಾ ಚಹಾದಲ್ಲಿಯೂ ಇದೇ ಪ್ರಯೋಗ ನಡೆದೀತು. ಯಾರು ಮಾದರಿಗಳನ್ನು ಬೇರ್ಪಡಿಸಿದರೆಂಬುದನ್ನೂ ಯಾರು ಬೇರ್ಪಡಿಸಿ ಹೆಸರಿಸಿದರೆಂಬುದನ್ನೂ ಪ್ರತ್ಯೇಕವಾಗಿ ಎಣಿಸಬೇಕು.