ಮಾಥೇರಾನ್: ಪ್ರವಾಸಿ ಆಕರ್ಷಣೆ ಮತ್ತು ನಾಗರಿಕ ಸೇವೆಗಳ ಸಂಬಂಧ

ಭಾರತದ ಗಿರಿಧಾಮಗಳನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಅಲ್ಲಿಗೆ ಹೋಗಿ ಬಂದವರ ಬರವಣಿಗೆಯಾಗಿದೆ. ಹವೆ, ನೋಟ, ವಸತಿ, ತಲುಪುವ ದಾರಿ ಮುಂತಾದ ವಿವರಗಳು ಅದರಲ್ಲಿ ಹೇರಳವಾಗಿ ದೊರೆಯುತ್ತವೆ. ಅಂಥ ಊರುಗಳಲ್ಲಿಯೇ ಹುಟ್ಟಿ ಬೆಳೆದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಕಾಯಿಲೆ ಬಿದ್ದಾಗ ಆಸ್ಪತ್ರೆಯನ್ನು ಅರಸುವ ನಿವಾಸಿಗಳ ಬದುಕಿಗೆ ಈ ಸಾಹಿತ್ಯದಲ್ಲಿ ದೊರೆತಿರುವ ಸ್ಥಾನ ಅಲ್ಪವಾದುದು. ಆದರೆ ಪ್ರವಾಸಿ ಕೇಂದ್ರವೆನಿಸಿಕೊಂಡ ಪ್ರತಿಯೊಂದು ಸ್ಥಳವೂ ಮೊದಲು ಒಂದು ಊರು. ಅಲ್ಲಿನ ನೀರು, ನೈರ್ಮಲ್ಯ, ಆರೋಗ್ಯ, ಸಾರಿಗೆಗಳ ವ್ಯವಸ್ಥೆಯೇ ಬಂದವರ ಸುಖಕ್ಕೂ ಇರುವವರ ಬದುಕಿಗೂ ಸಮಾನವಾದ ಆಧಾರ. ಪ್ರವಾಸೋದ್ಯಮದ ಪ್ರಚಾರಕ್ಕೂ ನಾಗರಿಕ ಸೇವೆಗಳಿಗೂ ಇರುವ ಈ ಸಂಬಂಧವನ್ನು ಮಹಾರಾಷ್ಟ್ರದ ಮಾಥೇರಾನ್ ಎಂಬ ಸಣ್ಣ ಗಿರಿಧಾಮದ ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಮಾಥೇರಾನ್ ರಾಯಗಡ ಜಿಲ್ಲೆಯ ಕರ್ಜತ್ ತಾಲ್ಲೂಕಿಗೆ ಸೇರಿದ್ದು, ಸಹ್ಯಾದ್ರಿ ಪ್ರದೇಶದಲ್ಲಿ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಹೆಸರನ್ನು ‘ನೆತ್ತಿಯ ಮೇಲಿನ ಕಾಡು’ ಎಂದು ಬಿಡಿಸಿ ಹೇಳುವುದು ವಾಡಿಕೆ. 2001ರ ಜನಗಣತಿಯಲ್ಲಿ 5,139ರಷ್ಟಿದ್ದ ಜನಸಂಖ್ಯೆ 2011ರಲ್ಲಿ 4,393ಕ್ಕೆ ಇಳಿದಿತ್ತು. ಈ ಊರನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲು ಕಾರಣವೊಂದಿದೆ. ಇದು ಮೋಟಾರು ವಾಹನಗಳ ಪ್ರವೇಶವನ್ನು ನಿಷೇಧಿಸಿರುವ ಗಿರಿಧಾಮ. ಪ್ರವಾಸಿಗರನ್ನು ಸೆಳೆಯುವ ಅಂಶ ಮತ್ತು ನಿವಾಸಿಗಳ ಸೇವೆಗಳನ್ನು ಕಷ್ಟಗೊಳಿಸುವ ಅಂಶ ಎರಡೂ ಇಲ್ಲಿ ಒಂದೇ ಆಗಿವೆ.

ಊರಿನ ಹುಟ್ಟು

ಠಾಣೆ ಜಿಲ್ಲೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ 1850ರ ಮೇ ತಿಂಗಳಲ್ಲಿ ಈ ಬೆಟ್ಟವನ್ನು ಹತ್ತಿದನೆಂಬುದು ಗಿರಿಧಾಮದ ಲಿಖಿತ ಚರಿತ್ರೆಯ ಆರಂಭ. ಅನಂತರ ಮುಂಬಯಿಯ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಇದರ ಬೆಳವಣಿಗೆಗೆ ಒತ್ತು ನೀಡಿದನು. ಬೇಸಿಗೆಯ ಸೆಕೆಯಿಂದ ಪಾರಾಗಲು ಮುಂಬಯಿಯ ಆಂಗ್ಲ ಅಧಿಕಾರಿಗಳೂ ಪಾರ್ಸಿ ಮೊದಲಾದ ಶ್ರೀಮಂತ ವರ್ತಕರೂ ಇಲ್ಲಿ ಬಂಗಲೆಗಳನ್ನು ಕಟ್ಟಿಸಿದರು. ಲೂಯಿಸಾ, ಅಲೆಗ್ಸಾಂಡರ್ ಎಂಬ ಹೆಸರಿನ ನೋಟದ ತಾಣಗಳು ಆ ಕಾಲದ ಗುರುತುಗಳಾಗಿ ಉಳಿದಿವೆ. ಆದರೆ ಸುತ್ತಲಿನ ಬೆಟ್ಟಗಳಲ್ಲಿ ಠಾಕೂರ್, ಕಾತಕರಿ ಮೊದಲಾದ ಸಮುದಾಯಗಳು ಅದಕ್ಕೂ ಮುಂಚಿನಿಂದ ನೆಲೆಸಿದ್ದವು. ‘ಕಂಡುಹಿಡಿಯಲಾಯಿತು’ ಎಂಬ ಮಾತು ಹೊರಗಿನಿಂದ ಬಂದವರ ದೃಷ್ಟಿಗೆ ಮಾತ್ರ ಸಲ್ಲುತ್ತದೆ.

ಗಿರಿಧಾಮದ ಬೆಳವಣಿಗೆಯಲ್ಲಿ ಎರಡನೆಯ ಘಟ್ಟವೆಂದರೆ ರೈಲುಮಾರ್ಗ. ಉದ್ಯಮಿ ಸರ್ ಆದಮ್‌ಜೀ ಪೀರ್‌ಭಾಯ್ ಅವರ ಹಣಕಾಸಿನ ನೆರವಿನಿಂದ ಅವರ ಮಗ ಅಬ್ದುಲ್ ಹುಸೇನ್ ಅವರು 1904ರಿಂದ 1907ರವರೆಗೆ ಈ ಮಾರ್ಗವನ್ನು ನಿರ್ಮಿಸಿದರು. ಎರಡು ಅಡಿ ಅಗಲದ ಹಳಿಗಳ ಮೇಲೆ ನೇರಳ್ ನಿಲ್ದಾಣದಿಂದ ಸುಮಾರು 21 ಕಿಲೋಮೀಟರ್ ಸುತ್ತಿ ಹತ್ತುವ ಈ ರೈಲು ಇಂದಿಗೂ ಊರಿನ ಮುಖ್ಯ ಆಕರ್ಷಣೆ. ಅದೇ ಅವಧಿಯಲ್ಲಿ, 1905ರಲ್ಲಿ, ಇಲ್ಲಿ ಪುರಸಭೆ ಸ್ಥಾಪನೆಯಾಯಿತು. ರೈಲು ಬಂದವರಿಗಾಗಿ, ಪುರಸಭೆ ಇರುವವರಿಗಾಗಿ ಎಂದು ಸರಳವಾಗಿ ವಿಂಗಡಿಸುವಂತಿಲ್ಲ. ರೈಲು ದಿನಸಿಯನ್ನೂ ತಂದಿತು. ಪುರಸಭೆ ಬಂಗಲೆಗಳ ದಾರಿಯನ್ನೂ ನೋಡಿಕೊಂಡಿತು.

ಈ ಊರಿನ ಸಾರ್ವಜನಿಕ ಸೇವೆಯ ಪರಂಪರೆಯಲ್ಲಿ ಸ್ಮರಣೀಯರಾದವರು ವಿಠಲ ಲಕ್ಷ್ಮಣ ಕೋತ್ವಾಲ್. ಜನರು ಅವರನ್ನು ಭಾಯಿ ಕೋತ್ವಾಲ್ ಎಂದೇ ಕರೆದರು. 1912ರಲ್ಲಿ ಮಾಥೇರಾನಿನ ಬಡ ಕ್ಷೌರಿಕ ಕುಟುಂಬವೊಂದರಲ್ಲಿ ಹುಟ್ಟಿ ವಕೀಲರಾದ ಅವರು ಪುರಸಭೆಯ ಉಪಾಧ್ಯಕ್ಷರೂ ಆಗಿದ್ದರು. ಕರ್ಜತ್ ಭಾಗದ ರೈತರಿಗಾಗಿ ಧಾನ್ಯದ ಬ್ಯಾಂಕುಗಳನ್ನೂ ಹಳ್ಳಿಗಳಲ್ಲಿ ಶಾಲೆಗಳನ್ನೂ ನಡೆಸಿದರು. 1942ರ ಚಳವಳಿಯಲ್ಲಿ ಭೂಗತರಾಗಿ, ವಿದ್ಯುತ್ ಸ್ತಂಭಗಳನ್ನು ಉರುಳಿಸುವ ತಂಡವನ್ನು ಮುನ್ನಡೆಸಿ, 1943ರ ಜನವರಿ 2ರಂದು ಸಿದ್ಧಗಡದ ಕಾಡಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಪ್ರವಾಸಿ ಕೈಪಿಡಿಗಳು ಮ್ಯಾಲೆಟ್ಟನಿಂದ ಆರಂಭಿಸುವ ಕಥೆಗೆ ಕೋತ್ವಾಲರ ಕಥೆಯನ್ನು ಸೇರಿಸಿದಾಗಲೇ ಊರಿನ ಚರಿತ್ರೆ ಪೂರ್ಣವಾಗುತ್ತದೆ.

ನಿಷೇಧವು ಆಕರ್ಷಣೆಯಾದ ಬಗೆ

ಕೇಂದ್ರ ಪರಿಸರ ಮತ್ತು ಅರಣ್ಯ ಮಂತ್ರಾಲಯವು 2003ರ ಫೆಬ್ರವರಿ 4ರ ಅಧಿಸೂಚನೆಯ ಮೂಲಕ ಮಾಥೇರಾನ್ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಮೊದಲಿನಿಂದ ನಡೆದುಬಂದಿದ್ದ ವಾಹನ ನಿರ್ಬಂಧಕ್ಕೆ ಇದರಿಂದ ಇನ್ನಷ್ಟು ಬಲ ದೊರೆಯಿತು. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಕಾರಿನಲ್ಲಿ ಬಂದವರು ದಸ್ತೂರಿ ನಾಕಾ ಎಂಬಲ್ಲಿ ವಾಹನ ನಿಲ್ಲಿಸಿ, ಪುರಸಭೆಯ ಪ್ರವೇಶ ತೆರಿಗೆ ಕಟ್ಟಿ, ಪೇಟೆಯವರೆಗಿನ ಎರಡೂವರೆ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ನಡೆದೋ, ಕುದುರೆಯೇರಿಯೋ, ಅಲ್ಲಿಗೆ ಸಮೀಪದ ಅಮನ್ ಲಾಡ್ಜ್ ನಿಲ್ದಾಣದಿಂದ ರೈಲಿನಲ್ಲಿಯೋ ಸಾಗಬೇಕು.

ಮುಂಬಯಿಯಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿರುವ ಊರಿನಲ್ಲಿ ಹಾರ್ನ್ ಸದ್ದಿಲ್ಲ, ಹೊಗೆಯಿಲ್ಲ ಎಂಬುದು ಮಹಾನಗರದ ಜನರಿಗೆ ದೊಡ್ಡ ಆಮಿಷ. ಆದ್ದರಿಂದ ನಿಷೇಧವೇ ಪ್ರಚಾರದ ಮುಖ್ಯ ವಿಷಯವಾಯಿತು. ಪರಿಸರದ ದೃಷ್ಟಿಯಿಂದ ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಜಂಬಿಟ್ಟಿಗೆಯ ಕೆಂಪು ಮಣ್ಣಿನ ಈ ಬೆಟ್ಟ ಜೋರು ಮಳೆಗೆ ಬೇಗ ಕೊರೆದುಹೋಗುವಂಥದು. ವಾಹನಗಳಿಗಾಗಿ ದಾರಿಗಳನ್ನು ಅಗಲಿಸಿದ್ದರೆ ಕಾಡು ಇಂದಿನಷ್ಟು ಉಳಿಯುತ್ತಿರಲಿಲ್ಲ. ನಿಷೇಧ ಸರಿಯೋ ತಪ್ಪೋ ಎಂಬುದಲ್ಲ, ಅದರ ವೆಚ್ಚವನ್ನು ಯಾರು ಭರಿಸುತ್ತಿದ್ದಾರೆ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ.

ನಿವಾಸಿಗಳ ಪಾಲಿನ ವೆಚ್ಚ

ಮೊದಲನೆಯದು ಸರಕು ಸಾಗಣೆ. ಅಕ್ಕಿ, ತರಕಾರಿ, ಹಾಲು, ಅಡುಗೆ ಅನಿಲದ ಸಿಲಿಂಡರ್, ಸಿಮೆಂಟು ಎಲ್ಲವೂ ದಸ್ತೂರಿಯಲ್ಲಿ ಲಾರಿಯಿಂದ ಇಳಿದು ಕುದುರೆಯ ಬೆನ್ನನ್ನೋ, ಕೈಗಾಡಿಯನ್ನೋ, ಹಮಾಲರ ತಲೆಯನ್ನೋ ಏರಬೇಕು. ಈ ಕೂಲಿ ಪ್ರತಿಯೊಂದು ಸಾಮಾನಿನ ಬೆಲೆಗೆ ಸೇರುತ್ತದೆ. ಎರಡು ದಿನ ತಂಗುವ ಪ್ರವಾಸಿಗೆ ಅದು ಹೋಟೆಲಿನ ಬಿಲ್ಲಿನಲ್ಲಿ ಕರಗಿಹೋಗುವ ಮೊತ್ತ. ವರ್ಷವಿಡೀ ಇರುವ ಕುಟುಂಬಕ್ಕೆ ಅದು ತಿಂಗಳ ಖರ್ಚಿನ ಭಾಗ.

ಎರಡನೆಯದು ಆರೋಗ್ಯ. ಊರಿನ ಸಣ್ಣ ಆಸ್ಪತ್ರೆಯ ಮಟ್ಟವನ್ನು ಮೀರಿದ ಚಿಕಿತ್ಸೆಗಾಗಿ ಬೆಟ್ಟ ಇಳಿಯಲೇಬೇಕು. ಆಂಬುಲೆನ್ಸಿಗೆ ವಿನಾಯಿತಿ ಇದ್ದರೂ ಅದು ತುರ್ತಿಗೆ ಮೀಸಲು. ಮಂಡಿನೋವಿನ ವೃದ್ಧೆ, ತಪಾಸಣೆಗೆ ಹೋಗಬೇಕಾದ ಗರ್ಭಿಣಿ, ನಡೆಯಲಾಗದ ಅಂಗವಿಕಲ ಇವರ ಅಗತ್ಯಗಳು ತುರ್ತಿನ ವ್ಯಾಖ್ಯೆಗೆ ಒಳಪಡುವುದಿಲ್ಲ. ಹೋಗಿಬರುವ ಕೂಲಿ ಭರಿಸಲಾರದವರು ವೈದ್ಯರ ಭೇಟಿಯನ್ನೇ ಮುಂದೂಡುವ ಸ್ಥಿತಿ ಇಂಥ ವ್ಯವಸ್ಥೆಯಲ್ಲಿ ಸಹಜವಾಗಿ ಉಂಟಾಗುತ್ತದೆ.

ಮೂರನೆಯದು ನೀರು. ಪಿಸರನಾಥ ದೇವಾಲಯದ ಪಕ್ಕದ ಷಾರ್ಲೆಟ್ ಕೆರೆ ಊರಿನ ಹಳೆಯ ಜಲಾಧಾರ. ಅದು ಸಾಲದೆ, ತಪ್ಪಲಿನ ಉಲ್ಹಾಸ್ ನದಿಯಿಂದಲೂ ನೀರನ್ನು ಪಂಪುಗಳ ಮೂಲಕ ಮೇಲಕ್ಕೆ ಎತ್ತಲಾಗುತ್ತದೆ. ಮಳೆಗಾಲದಲ್ಲಿ ನೀರಿಗೆ ಕೊರತೆಯಿಲ್ಲ. ಆಗ ಪ್ರವಾಸಿಗರ ಪ್ರಮಾಣ ಬೇಸಿಗೆಯ ರಜೆಯಷ್ಟಿರುವುದಿಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ಕೆರೆಯ ನೀರು ತಗ್ಗುವ ಹೊತ್ತಿಗೇ ಹೋಟೆಲುಗಳು ತುಂಬುತ್ತವೆ. ಪ್ರಚಾರ ಯಶಸ್ವಿಯಾದಷ್ಟೂ ನಿವಾಸಿಗಳ ನೀರಿನ ಮೇಲಿನ ಒತ್ತಡ ಹೆಚ್ಚುವುದು ಇಲ್ಲಿನ ಋತುಮಾನದಲ್ಲಿಯೇ ಅಡಗಿದೆ.

ನಾಲ್ಕನೆಯದು ನೈರ್ಮಲ್ಯ. ಪ್ರವಾಸಿಗರು ಬಿಟ್ಟುಹೋಗುವ ಪ್ಲಾಸ್ಟಿಕ್, ಕುದುರೆಗಳ ಲದ್ದಿ, ಅದರೊಡನೆ ಬೆರೆತು ಏಳುವ ಕೆಂಧೂಳು ಇವನ್ನೆಲ್ಲ ನಿರ್ವಹಿಸಬೇಕಾದದ್ದು ನಾಲ್ಕೈದು ಸಾವಿರ ಜನಸಂಖ್ಯೆಯ ಪುರಸಭೆ. ಜನಗಣತಿ ಎಣಿಸುವುದು ನಿವಾಸಿಗಳನ್ನು ಮಾತ್ರ. ಕಸ ಮತ್ತು ಚರಂಡಿ ರಜಾದಿನದ ಜನಸಂದಣಿಯನ್ನೂ ಎಣಿಸುತ್ತವೆ. ಪ್ರವೇಶ ತೆರಿಗೆಯ ಹಣ ಈ ಅಂತರವನ್ನು ತುಂಬುವ ಸಾಧನವಾದರೂ, ಅದು ಬರುವವರ ಸಂಖ್ಯೆಯನ್ನೇ ಅವಲಂಬಿಸಿರುವುದರಿಂದ ಪುರಸಭೆ ಒಂದು ಬಗೆಯ ಇಕ್ಕಟ್ಟಿಗೆ ಸಿಲುಕುತ್ತದೆ. ಹೊರೆ ಇಳಿಯಬೇಕಾದರೆ ಜನ ಕಡಿಮೆ ಬರಬೇಕು. ಜನ ಕಡಿಮೆ ಬಂದರೆ ಆದಾಯವೂ ಇಳಿಯುತ್ತದೆ.

ಇವುಗಳ ಜೊತೆಗೆ ನಿಸರ್ಗದ ಆಘಾತಗಳೂ ಇವೆ. 2005ರ ಜುಲೈ 26ರ ಮಹಾಮಳೆಗೆ ಕೊಚ್ಚಿಹೋದ ರೈಲುಮಾರ್ಗ ಮತ್ತೆ ತೆರೆದದ್ದು 2007ರಲ್ಲಿ. 2019ರ ಮಳೆಯಿಂದ ಮತ್ತೆ ಹಾನಿಗೊಂಡು, ನೇರಳಿನಿಂದ ಮೇಲಿನವರೆಗಿನ ಪೂರ್ಣ ಸಂಚಾರ 2022ರ ಅಕ್ಟೋಬರಿನವರೆಗೂ ನಿಂತಿತ್ತು. ಆ ವರ್ಷಗಳಲ್ಲಿ ಪ್ರವಾಸಿಗಳು ಕಳೆದುಕೊಂಡದ್ದು ಒಂದು ವಿನೋದಯಾತ್ರೆಯನ್ನು; ನಿವಾಸಿಗಳು ಕಳೆದುಕೊಂಡದ್ದು ಬೆಟ್ಟದ ಬುಡಕ್ಕೆ ನೇರವಾಗಿ ಇಳಿಸುತ್ತಿದ್ದ ಒಂದು ಸಾರ್ವಜನಿಕ ಸಾರಿಗೆಯನ್ನು.

ಕೈರಿಕ್ಷಾದ ಪ್ರಶ್ನೆ

ಈ ವೆಚ್ಚವನ್ನು ತಮ್ಮ ದೇಹದಿಂದಲೇ ತೆತ್ತವರು ಕೈರಿಕ್ಷಾ ಎಳೆಯುವವರು. ಒಬ್ಬ ಅಥವಾ ಇಬ್ಬರು ಸವಾರರನ್ನು ಕೂರಿಸಿಕೊಂಡು, ಒಬ್ಬರು ಮುಂದಿನಿಂದ ಎಳೆದು ಉಳಿದವರು ಹಿಂದಿನಿಂದ ನೂಕುತ್ತ, ಏರಿಳಿತದ ಕಲ್ಲುಮಣ್ಣಿನ ದಾರಿಯಲ್ಲಿ ಬರಿಗಾಲಿನ ಬಲದಿಂದ ಸಾಗಿಸುವ ಕೆಲಸವಿದು. ಪರವಾನಗಿ ಪಡೆದ ಇಂಥ 94 ರಿಕ್ಷಾಗಳು ಊರಿನಲ್ಲಿದ್ದವು. ವಯಸ್ಸಾದಂತೆ ಮಂಡಿ, ಸೊಂಟ, ಶ್ವಾಸಕೋಶ ಸೋಲುವ ಈ ವೃತ್ತಿಯನ್ನು ಚಿತ್ರಪಟಗಳು ಹಳೆಯ ಕಾಲದ ಸೊಬಗಾಗಿ ತೋರಿಸಿದವು. ಅದನ್ನು ನಿಲ್ಲಿಸಬೇಕೆಂಬ ಬೇಡಿಕೆ ಹೊರಗಿನ ಯಾವುದೋ ಸಮಿತಿಯಿಂದ ಬರಲಿಲ್ಲ. ಪರಿಸರಕ್ಕೆ ಧಕ್ಕೆ ತಾರದ ಇ-ರಿಕ್ಷಾಗಳಿಗೆ ಅವಕಾಶ ಕೊಡಿರೆಂದು ಎಳೆಯುವವರ ಸಂಘಟನೆಯೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಯಿತೆಂಬುದು ಗಮನಾರ್ಹ.

2022ರ ಮೇ ತಿಂಗಳಲ್ಲಿ ನ್ಯಾಯಾಲಯ ಪ್ರಾಯೋಗಿಕ ಸಂಚಾರಕ್ಕೆ ಅನುಮತಿ ನೀಡಿತು. ಆ ವರ್ಷದ ಡಿಸೆಂಬರಿನಲ್ಲಿ ಪ್ರಯೋಗ ಆರಂಭವಾದಾಗ ಶಾಲಾ ಮಕ್ಕಳೂ ವೃದ್ಧರೂ ಅದರ ಉಪಯೋಗ ಪಡೆದರು. ಇದನ್ನು ಎಲ್ಲರೂ ಸ್ವಾಗತಿಸಲಿಲ್ಲ. ಕುದುರೆಯನ್ನೇ ನಂಬಿದ ಕುಟುಂಬಗಳು ಜೀವನೋಪಾಯದ ಭಯದಿಂದ ವಿರೋಧಿಸಿದವು. ಇಂದು ಇ-ರಿಕ್ಷಾ ಬಂದರೆ ನಾಳೆ ಕಾರೂ ಬಂದೀತೆಂದು ಪರಿಸರವಾದಿಗಳು ಶಂಕಿಸಿದರು. ಈ ಎರಡೂ ಆತಂಕಗಳಲ್ಲಿ ಹುರುಳಿದೆ. 2024ರಲ್ಲಿ ನ್ಯಾಯಾಲಯ ಇ-ರಿಕ್ಷಾಗಳ ಸಂಖ್ಯೆಯನ್ನು 20ಕ್ಕೆ ಮಿತಿಗೊಳಿಸಿ, ಅವು ಮೊದಲಿನ ಎಳೆಯುವವರಿಗೇ ಸಿಗಬೇಕೆಂದದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ.

2025ರ ಆಗಸ್ಟ್ 6ರಂದು ಮುಖ್ಯ ನ್ಯಾಯಮೂರ್ತಿ ಬಿ. ಆರ್. ಗವಾಯಿ ಅವರ ನೇತೃತ್ವದ ಪೀಠವು ಕೈರಿಕ್ಷಾ ಪದ್ಧತಿಯನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ಮನುಷ್ಯನನ್ನು ಮನುಷ್ಯ ಎಳೆಯುವುದು ಸಂವಿಧಾನ ನೀಡಿದ ಘನತೆಯ ಭರವಸೆಗೆ ವಿರುದ್ಧವೆಂಬುದು ಅದರ ನಿಲುವಿನ ಸಾರ. ಗುಜರಾತಿನ ಕೇವಡಿಯಾದ ಮಾದರಿಯಲ್ಲಿ ಸರ್ಕಾರವೇ ಇ-ರಿಕ್ಷಾಗಳನ್ನು ಕೊಂಡು ಎಳೆಯುವವರಿಗೆ ಬಾಡಿಗೆಗೆ ಕೊಡಬಹುದೆಂದೂ, ಹಣದ ಅಭಾವವನ್ನು ನೆಪವಾಗಿಸಬಾರದೆಂದೂ ಅದು ತಿಳಿಸಿತು. ದಸ್ತೂರಿಯಿಂದ ಶಿವಾಜಿ ಪ್ರತಿಮೆಯವರೆಗಿನ ಮುಖ್ಯ ದಾರಿಗೆ ನೆಲಹಾಸಿನ ಇಟ್ಟಿಗೆಗಳನ್ನು ಒಪ್ಪಿ, ಒಳದಾರಿಗಳಿಗೂ ಕಾಲುಹಾದಿಗಳಿಗೂ ಅವನ್ನು ನಿರಾಕರಿಸಿತು. ಜನರ ಸಂಚಾರಕ್ಕೆ ಒಂದು ದಾರಿ, ಉಳಿದದ್ದು ಕಾಡಿಗೆ ಎಂಬ ಈ ವಿಭಜನೆ ಸೇವೆ ಮತ್ತು ಸಂರಕ್ಷಣೆಗಳನ್ನು ಎದುರಾಳಿಗಳೆಂದು ಭಾವಿಸದ ಒಂದು ಮಾದರಿ.

ಈ ತೀರ್ಪಿಗೆ ಹಿಂದಿನ ನೆಲೆಯೂ ಇದೆ. ಪಂಜಾಬಿನ ಸೈಕಲ್ ರಿಕ್ಷಾ ಚಾಲಕರ ಪ್ರಕರಣದಲ್ಲಿ 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ನಿಷೇಧದ ಜೊತೆಗೇ ಸಾಲದ ನೆರವನ್ನು ಜೋಡಿಸಿ, ಬಾಡಿಗೆಯ ಚಾಲಕನೇ ಮಾಲೀಕನಾಗುವ ದಾರಿಯನ್ನು ತೋರಿದ್ದರು. ಕೆಲಸವನ್ನು ನಿಲ್ಲಿಸುವುದು ಸುಲಭ. ಕೆಲಸ ಮಾಡುತ್ತಿದ್ದವನನ್ನು ಉಳಿಸಿಕೊಳ್ಳುವುದು ನೀತಿಯ ನಿಜವಾದ ಪರೀಕ್ಷೆ ಎಂಬುದು ಎರಡೂ ಪ್ರಕರಣಗಳಿಂದ ತಿಳಿಯುವ ಅಂಶ.

ಉಪಸಂಹಾರ

2025ರ ಮಾರ್ಚ್ ತಿಂಗಳಲ್ಲಿ ಮಾಥೇರಾನಿನ ವರ್ತಕರೂ ಹೋಟೆಲಿನವರೂ ಅಂಗಡಿಗಳನ್ನು ಮುಚ್ಚಿ ಬಂದ್ ನಡೆಸಿದರು. ದಸ್ತೂರಿಯಲ್ಲಿ ಪ್ರವಾಸಿಗರಿಗೆ ತಪ್ಪು ಮಾಹಿತಿ ನೀಡಿ ಹೆಚ್ಚಿನ ಹಣ ಪಡೆಯಲಾಗುತ್ತಿದೆ, ಇದರಿಂದ ಊರಿನ ಹೆಸರು ಕೆಡುತ್ತಿದೆ ಎಂಬುದು ಅವರ ದೂರು. ಇದನ್ನು ಕೆಲವರ ಅಪ್ರಾಮಾಣಿಕತೆ ಎಂದಷ್ಟೇ ನೋಡಿದರೆ ಸಾಲದು. ರೈಲಿನ ವೇಳೆ, ನಡೆಯಬೇಕಾದ ದೂರ, ಕುದುರೆಯ ನಿಗದಿತ ದರ ಇವನ್ನು ತಿಳಿಸುವ ವಿಶ್ವಾಸಾರ್ಹವಾದ ಸಾರ್ವಜನಿಕ ಏರ್ಪಾಡು ದುರ್ಬಲವಾಗಿರುವಲ್ಲಿ ದಳ್ಳಾಳಿಗಳು ಹುಟ್ಟಿಕೊಳ್ಳುತ್ತಾರೆ. ಪ್ರಚಾರ ಮಾಡಿ ಕರೆತಂದವರನ್ನು ಬಾಗಿಲಲ್ಲಿ ಬರಮಾಡಿಕೊಳ್ಳುವುದೂ ಒಂದು ನಾಗರಿಕ ಸೇವೆಯೇ.

ಮೇಲಿನ ವಿವರಣೆಯಿಂದ ಸ್ಪಷ್ಟವಾಗುವಂತೆ, ಸಣ್ಣ ಗಿರಿಧಾಮದಲ್ಲಿ ನಾಗರಿಕ ಸೇವೆಯು ಪ್ರವಾಸೋದ್ಯಮದ ಲಾಭದಿಂದ ಉಳಿದ ಹಣದಲ್ಲಿ ಮಾಡುವ ಉಪಕಾರವಲ್ಲ. ಅದು ಪ್ರವಾಸೋದ್ಯಮದ ಬುನಾದಿ. ಮಾಥೇರಾನಿನ ನಿಶ್ಶಬ್ದವು ನಿಸರ್ಗ ತಾನಾಗಿ ಕೊಟ್ಟ ವರವಲ್ಲ. ಹಮಾಲರು, ಕುದುರೆಯವರು, ರಿಕ್ಷಾ ಎಳೆಯುವವರು, ಕಸ ಗುಡಿಸುವವರು ಪ್ರತಿದಿನ ದುಡಿದು ಉಳಿಸಿಕೊಂಡು ಬಂದಿರುವ ಸ್ಥಿತಿ ಅದು. ಆದುದರಿಂದ ಇಂಥ ಊರಿನ ಏಳಿಗೆಯನ್ನು ಬಂದುಹೋದವರ ಸಂಖ್ಯೆಯಿಂದ ಮಾತ್ರ ಅಳೆಯಲಾಗದು. ಬೇಸಿಗೆಯಲ್ಲಿ ನಿವಾಸಿಯ ಮನೆಗೆ ಎಷ್ಟು ನೀರು ಬರುತ್ತದೆ, ಒಂದು ಸಿಲಿಂಡರಿಗೆ ತಪ್ಪಲಿನವರಿಗಿಂತ ಎಷ್ಟು ಹೆಚ್ಚು ತೆರಬೇಕಾಗುತ್ತದೆ, ನಡೆಯಲಾಗದ ರೋಗಿ ಎಷ್ಟು ಹೊತ್ತಿನಲ್ಲಿ ವೈದ್ಯರನ್ನು ತಲುಪುತ್ತಾನೆ ಎಂಬ ಲೆಕ್ಕಗಳೂ ಅಳತೆಗೆ ಸೇರಬೇಕು. 2001 ಮತ್ತು 2011ರ ನಡುವೆ ಸುಮಾರು ಏಳುನೂರೈವತ್ತರಷ್ಟು ಕುಗ್ಗಿದ ಊರಿನ ಜನಸಂಖ್ಯೆ ಈ ಲೆಕ್ಕಗಳನ್ನು ಬೇಗನೆ ಮಾಡಬೇಕಾದ ಅಗತ್ಯವನ್ನು ಸೂಚಿಸುತ್ತದೆ. ನೆಲೆಸಿದವರು ಬೆಟ್ಟ ಇಳಿದುಹೋದರೆ, ಹತ್ತಿ ಬಂದವರನ್ನು ಬರಮಾಡಿಕೊಳ್ಳಲು ಕಾಡು ಉಳಿದೀತೇ ಹೊರತು ಊರು ಉಳಿಯದು.