ವಿಮಾನ ಕಾರ್ಖಾನೆ ಊರು ಹುಡುಕುವ ಬಗೆ

ಕೂಡ್ಲಿಗಿ ಸೀಮೆಗೆ ಒಂದು ದೊಡ್ಡ ಕಾರ್ಖಾನೆ ಬರಲಿ ಎಂಬ ಬೇಡಿಕೆ ಇಂದು ನಿನ್ನೆಯದಲ್ಲ. ಮಳೆ ಕೈಕೊಟ್ಟ ವರ್ಷ ಗುಡೇಕೋಟೆ ಸುತ್ತಲಿನ ಹಳ್ಳಿಗಳಲ್ಲಿ ಶೇಂಗಾ ಹೊಲಗಳನ್ನು ಹಾಗೇ ಬಿಟ್ಟು, ಮನೆಗೆ ಬೀಗ ಹಾಕಿ ಗುಳೆ ಹೊರಡುವ ಕುಟುಂಬಗಳನ್ನು ಕಂಡವರು ಯಾರೂ ಆ ಬೇಡಿಕೆಯನ್ನು ತಳ್ಳಿಹಾಕಲಾರರು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ. ನಮ್ಮ ಕಡೆ ಯೂನಿಯನ್ ಗಲಾಟೆ ಇಲ್ಲ, ಹುಡುಗರು ತಲೆ ತಗ್ಗಿಸಿ ದುಡಿಯುತ್ತಾರೆ, ಆದ್ದರಿಂದ ಕಂಪನಿಗಳು ಇಲ್ಲಿಗೆ ಬರಬೇಕು ಎಂಬುದು ಆ ಮಾತು. ಊರಿನ ಪರವಾಗಿ ಆಡುವ ಮಾತಿನಂತೆ ಕೇಳಿಸುವ ಇದು ಊರಿಗೇ ಕೇಡು ಮಾಡುತ್ತದೆ ಎಂಬುದು ಈ ಲೇಖನದ ವಾದ. ಅದನ್ನು ಒರೆಗೆ ಹಚ್ಚಿ ನೋಡಲು ನಮ್ಮ ರಾಜ್ಯದಲ್ಲಿ ಎಚ್‌ಎಎಲ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಎಂಟು ದಶಕ ದಾಟಿದ ಈ ವಿಮಾನ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘಗಳೂ ಗಟ್ಟಿಯಾಗಿ ಬೇರುಬಿಟ್ಟಿವೆ. ಅದರ ಸುತ್ತ ಬೆಳೆದ ಬಡಾವಣೆಗೆ ಅಂಚೆ ವಿಳಾಸದಲ್ಲೇ ವಿಮಾನಪುರ ಎಂಬ ಹೆಸರು ಬಂದಿದೆ.

ಈ ಕಾರ್ಖಾನೆ ಬೆಂಗಳೂರಿಗೆ ಬಂದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಡಗು, ಕಾರು, ವಿಮಾನ ಮೂರನ್ನೂ ಈ ದೇಶದಲ್ಲೇ ತಯಾರಿಸಬೇಕೆಂಬ ಹಟ ತೊಟ್ಟಿದ್ದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. 1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಅವರಿಗೆ ಅಮೆರಿಕದ ವಿಲಿಯಂ ಪಾಲಿಯ ಪರಿಚಯವಾಯಿತು. ಪಾಲಿ ಆಗ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದರು. ಯುದ್ಧದ ಹೊಡೆತಕ್ಕೆ ಸಿಕ್ಕಿ ಅದು ಊರಿಂದೂರಿಗೆ ಸರಿಯುತ್ತಾ ಬರ್ಮಾ ಗಡಿಯ ಲೊಯ್‌ವಿಂಗ್ ಸೇರಿತ್ತು. 1940ರ ಅಕ್ಟೋಬರಿನಲ್ಲಿ ಜಪಾನಿನ ಬಾಂಬುಗಳು ಅಲ್ಲಿಗೂ ಬಿದ್ದವು. ಈ ಅನುಭವ ಉಂಡವರಿಗೆ ಜಾಗದ ಆಯ್ಕೆಯಲ್ಲಿ ಮೊದಲು ಕಾಣುವುದು ಸಮುದ್ರ ಮತ್ತು ಗಡಿಯಿಂದ ಎಷ್ಟು ದೂರ ಎಂಬುದೇ. ಬೆಂಗಳೂರು ಒಳನಾಡು. ಹವೆ ತಂಪು. ಶಿವನಸಮುದ್ರದಿಂದ ವಿದ್ಯುತ್ ಬಂದು ಆಗಲೇ ಸುಮಾರು ಮೂರೂವರೆ ದಶಕ ಕಳೆದಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು, ಯಶವಂತಪುರದ ಹತ್ತಿರ ಟಾಟಾ ವಿಜ್ಞಾನ ಸಂಸ್ಥೆ ಇತ್ತು. ಇವೆಲ್ಲದರ ಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಇದ್ದರು. ಮೈಸೂರು ಸಂಸ್ಥಾನ 700 ಎಕರೆ ಜಮೀನು ಕೊಟ್ಟಿತು, ಬಂಡವಾಳದಲ್ಲೂ ಪಾಲು ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷ ಆಗಸ್ಟಿನಲ್ಲೇ ಮೊದಲ ಹಾರ್ಲೋ ತರಬೇತಿ ವಿಮಾನ ಹಾರಿತು. ದನ ಮೇಯುತ್ತಿದ್ದ ಬಯಲಿನಲ್ಲಿ ಸುಮಾರು ಎಂಟು ತಿಂಗಳಲ್ಲಿ ವಿಮಾನ ಎದ್ದು ನಿಂತದ್ದನ್ನು ಇವತ್ತಿನ ಯೋಜನೆಗಳ ನಡಿಗೆಯೊಂದಿಗೆ ಹೋಲಿಸಿದರೆ ಬೆರಗಾಗುತ್ತದೆ.

ಅಂದು ಮೈಸೂರಿನಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಆಸರೆಯೇ ಇರಲಿಲ್ಲ, ಬಂಡವಾಳ ಬಂದದ್ದೇ ಅದಕ್ಕೆ ಎಂದು ವಾದಿಸಬಹುದು. ಮಾತಿನ ಮೊದಲರ್ಧ ನಿಜ. ಬ್ರಿಟಿಷ್ ಇಂಡಿಯಾದಲ್ಲಿ 1926ರಲ್ಲೇ ಬಂದಿದ್ದ ಟ್ರೇಡ್ ಯೂನಿಯನ್ ಕಾಯ್ದೆಗೆ ಸಮನಾದದ್ದು ಸಂಸ್ಥಾನದಲ್ಲಿ ಇರಲಿಲ್ಲ. ಆದರೆ ವಿಮಾನ ಕಾರ್ಖಾನೆಗೆ ಎರಡು ವರ್ಷ ತುಂಬುವ ಮೊದಲೇ, 1942ರಲ್ಲಿ, ಮೈಸೂರು ಕಾರ್ಮಿಕ ಕಾಯ್ದೆ ಬಂತು. ಕಾರ್ಖಾನೆ ಎಲ್ಲಿಗೂ ಓಡಲಿಲ್ಲ. ಬದಲಿಗೆ ಅದೇ ವರ್ಷ ಭಾರತ ಸರ್ಕಾರ ಅದರ ಆಡಳಿತ ವಹಿಸಿಕೊಂಡಿತು, 1943ರಲ್ಲಿ ಅಮೆರಿಕದ ಸೇನೆ ತನ್ನ ವಿಮಾನಗಳ ರಿಪೇರಿಗೆ ಅದನ್ನೇ ಆರಿಸಿಕೊಂಡಿತು. ಯುದ್ಧ ಮುಗಿದು ವಿಮಾನದ ಕೆಲಸ ಬತ್ತಿದಾಗ ಅಲ್ಲಿ ರೈಲು ಬೋಗಿಗಳನ್ನು ಕಟ್ಟಲಾಯಿತು. ಇಂದಿನ ಬಿಇಎಂಎಲ್‌ನ ಮೂಲ ಆ ಬೋಗಿ ವಿಭಾಗವೇ. ವಿಮಾನದ ಕಾರ್ಖಾನೆ ಬೋಗಿ ಏಕೆ ಕಟ್ಟಬೇಕು? ಕಲಿತ ಕೈಗಳು ಒಮ್ಮೆ ಚದುರಿದರೆ ಮತ್ತೆ ಕೂಡಿಸುವುದು ಕಷ್ಟ ಎಂಬುದೇ ಅದಕ್ಕೆ ದೊಡ್ಡ ಕಾರಣವಾಗಿರಬೇಕು.

ಆ ಕೈಗಳ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ರೆಕ್ಕೆಗೆ ಅಲ್ಯೂಮಿನಿಯಂ ತಗಡು ಕೂರಿಸುವಾಗ ಇಬ್ಬರು ಜೋಡಿಯಾಗಿ ರಿವೆಟ್ ಹೊಡೆಯುತ್ತಾರೆ. ಒಬ್ಬರು ಹೊರಗೆ ಗನ್ ಹಿಡಿದು ನಿಂತರೆ ಇನ್ನೊಬ್ಬರು ರೆಕ್ಕೆಯ ಇಕ್ಕಟ್ಟಾದ ಗೂಡಿನೊಳಗೆ ತೋಳು ತೂರಿಸಿ, ರಿವೆಟ್‌ನ ಬಾಲಕ್ಕೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯುತ್ತಾರೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ತಗಡನ್ನು ತಟ್ಟಿ ಸನ್ನೆ ಮಾಡುತ್ತಾರೆ, ಸದ್ದಿನಲ್ಲೇ ಸಾಕೋ ಇನ್ನೂ ಬೇಕೋ ತಿಳಿಯುತ್ತಾರೆ. ಉಕ್ಕಿನ ಗಟ್ಟಿ ಕೂದಲೆಳೆಯಷ್ಟು ವಾಲಿದರೂ ರಿವೆಟ್ ವಾರೆಯಾಗುತ್ತದೆ. ಆಗ ಅದನ್ನು ಕೊರೆದು ತೆಗೆಯಬೇಕು. ತೆಗೆಯುವಾಗ ತೂತು ಹಿಗ್ಗಿದರೆ ಒಂದು ಅಳತೆ ದೊಡ್ಡ ರಿವೆಟ್ ಹಾಕಬೇಕು, ಅದನ್ನು ದಾಖಲೆಯಲ್ಲಿ ಬರೆಯಬೇಕು. ಪಾಳಿ ಮುಗಿಯುವಾಗ ಪ್ರತಿ ಸಲಕರಣೆಯೂ ಹಲಗೆಯ ಮೇಲೆ ಅದರದೇ ಆಕಾರ ಬರೆದಿಟ್ಟ ಜಾಗಕ್ಕೆ ಮರಳಬೇಕು. ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ ವಿಮಾನ ಕದಲುವಂತಿಲ್ಲ. ಇಂಥ ಕೆಲಸ ಆರು ತಿಂಗಳ ಗುತ್ತಿಗೆಯಲ್ಲಿ ಕೈಗೆ ಹತ್ತುವುದಿಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಕಲಿತ ಕೈಯನ್ನು ಮಾಲೀಕರು ಸುಲಭವಾಗಿ ಬದಲಿಸಲಾರರು. ಕಾರ್ಮಿಕ ಸಂಘಕ್ಕೆ ಬಲ ಬರುವುದೂ ಇಲ್ಲಿಂದಲೇ, ಕಾರ್ಖಾನೆಯನ್ನು ಊರಿಗೆ ಕಟ್ಟಿಹಾಕುವುದೂ ಇದೇ. ಎಚ್‌ಟಿ–2 1951ರಲ್ಲಿ, ಮಾರುತ್ 1961ರಲ್ಲಿ, ತೇಜಸ್ 2001ರಲ್ಲಿ ಇದೇ ಬೆಂಗಳೂರಿನಿಂದ ಮೊದಲ ಸಲ ಹಾರಿದವು.

ಯೂನಿಯನ್ ಎಂದರೆ ಕಾರ್ಖಾನೆ ಹಾಳು ಎನ್ನುವವರು ತೋರಿಸುವುದು 1980–81ರ ಮುಷ್ಕರವನ್ನು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಜಂಟಿ ಕ್ರಿಯಾ ರಂಗ ಕಟ್ಟಿಕೊಂಡು ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ 77 ದಿನ ಕೆಲಸ ನಿಲ್ಲಿಸಿದರು. ಬೀದಿಗಿಳಿದವರು ಒಂದು ಲಕ್ಷಕ್ಕೂ ಹೆಚ್ಚು. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದ ಕಾಲ. ಭೋಪಾಲ, ತಿರುಚ್ಚಿಯ ಬಿಎಚ್‌ಇಎಲ್ ಕಾರ್ಮಿಕರಿಗೆ ಸಿಗುವ ವೇತನ ತಮಗೂ ಸಿಗಬೇಕು ಎಂಬುದು ಬೇಡಿಕೆಯ ತಿರುಳು. ಸಂಬಳವಿಲ್ಲದ ಎರಡೂವರೆ ತಿಂಗಳು ಆ ಮನೆಗಳಲ್ಲಿ ಒಲೆ ಹೇಗೆ ಉರಿಯಿತೋ. ಕೇಳಿದ್ದು ಕೈಗೆ ಹತ್ತದೆಯೇ ಅವರು ಗೇಟಿನೊಳಗೆ ಮರಳಿದರು. ದೊಡ್ಡ ಕಾರ್ಖಾನೆಗಳನ್ನು ನಂಬಿದ್ದ ಸಣ್ಣ ವರ್ಕ್‌ಶಾಪ್‌ಗಳಿಗೂ ಪೆಟ್ಟು ಬಿತ್ತು. ಇದನ್ನೆಲ್ಲ ಮುಚ್ಚಿಡಬೇಕಿಲ್ಲ. ಆದರೆ ಯೂನಿಯನ್ ಇದ್ದಲ್ಲಿಂದ ಉದ್ಯಮ ಓಡುತ್ತದೆ ಎಂಬುದು ನಿಜವಾಗಿದ್ದರೆ ಮುಷ್ಕರದ ನಂತರ ಬೆಂಗಳೂರು ಬರಿದಾಗಬೇಕಿತ್ತು. ಆದದ್ದು ತಿರುವುಮುರುವು. 1983ರಲ್ಲಿ ಲಘು ಯುದ್ಧವಿಮಾನದ ಯೋಜನೆಗೆ ಮಂಜೂರಾತಿ ಸಿಕ್ಕಿತು, 1984ರಲ್ಲಿ ಅದಕ್ಕಾಗಿಯೇ ಎಡಿಎ ಸಂಸ್ಥೆ ಇದೇ ಬೆಂಗಳೂರಿನಲ್ಲಿ ಹುಟ್ಟಿತು.

ಎಚ್‌ಎಎಲ್ ಬೇರೆ ರಾಜ್ಯಗಳಿಗೆ ಹರಡಿತಲ್ಲ ಎಂದು ಕೇಳಬಹುದು. ಹರಡಿತು ನಿಜ, ಆದರೆ ಕಾರಣಗಳನ್ನು ನೋಡಿ. ಮಿಗ್ ವಿಮಾನಕ್ಕಾಗಿ 1960ರ ದಶಕದಲ್ಲಿ ನಾಸಿಕ್, ಕೊರಾಪುಟ್, ಹೈದರಾಬಾದ್‌ಗಳಿಗೆ ಕೆಲಸ ಹಂಚಿಹೋಯಿತು. ಆಗಿನ ರಕ್ಷಣಾ ಸಚಿವ ವೈ.ಬಿ. ಚವಾಣ್ ಲೋಕಸಭೆಗೆ ಆರಿಸಿ ಬಂದದ್ದು ನಾಸಿಕ್‌ನಿಂದ. 1980ರ ದಶಕದ ಆರಂಭದಲ್ಲಿ ಕಾರ್ಖಾನೆ ಬಂದ ಕೊರ್ವಾ ಇರುವುದು ಅಮೇಠಿಯಲ್ಲಿ, ಆಗ ಅಲ್ಲಿನ ಸಂಸದ ರಾಜೀವ್ ಗಾಂಧಿ. ತುಮಕೂರಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಶುರುವಾದ ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ ಒಂದೇ ಹಾಸಿನಲ್ಲಿ ಸಿಕ್ಕಿತು. ರಾಜಕೀಯ, ನೆಲ, ರಕ್ಷಣೆಯ ಲೆಕ್ಕಾಚಾರಗಳೇ ಇಲ್ಲೆಲ್ಲ ಎದ್ದು ಕಾಣುವುದು. ಇನ್ನು ಹರಡಿದ ಮಾತ್ರಕ್ಕೆ ಯೂನಿಯನ್ ಹಿಂದುಳಿಯಿತೇ? 2019ರ ಅಕ್ಟೋಬರ್ 14ರಿಂದ ನಡೆದ ವೇತನ ಮುಷ್ಕರದಲ್ಲಿ ಬೆಂಗಳೂರು, ಹೈದರಾಬಾದ್, ನಾಸಿಕ್, ಕೊರಾಪುಟ್, ಲಖನೌ, ಕೊರ್ವಾ ಎಲ್ಲ ಕಡೆ ಒಟ್ಟಿಗೇ ಕೆಲಸ ನಿಂತಿತು. ಹೈಕೋರ್ಟ್ ಆದೇಶದ ನಂತರವೇ ಕಾರ್ಮಿಕರು ಮರಳಿದ್ದು. ಕಾರ್ಖಾನೆ ಹೋದಲ್ಲಿಗೆ ಸಂಘವೂ ಹೋಗುತ್ತದೆ.

ಈ ವಾದಕ್ಕೆ ಗಟ್ಟಿ ಆಕ್ಷೇಪ ಬರುವುದು ಅಮೆರಿಕದಿಂದ. 2008ರಲ್ಲಿ ಸಿಯಾಟಲ್ ಸುತ್ತಲಿನ ಬೋಯಿಂಗ್ ಕಾರ್ಖಾನೆಗಳಲ್ಲಿ 27,000 ಕಾರ್ಮಿಕರು ಸುಮಾರು ಎಂಟು ವಾರ ಮುಷ್ಕರ ಹೂಡಿದರು. ಮರುವರ್ಷ ಬೋಯಿಂಗ್ 787 ವಿಮಾನದ ಎರಡನೇ ಜೋಡಣಾ ಘಟಕವನ್ನು ಯೂನಿಯನ್ ಬಲ ತೀರಾ ಕಡಿಮೆಯಿರುವ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ಗೆ ಕೊಟ್ಟಿತು. ಪದೇ ಪದೇ ಆಗುವ ಮುಷ್ಕರವೇ ಮುಖ್ಯ ಕಾರಣ ಎಂದು ಕಂಪನಿಯ ಹಿರಿಯ ಅಧಿಕಾರಿಯೇ ಹೇಳಿದ್ದರು. 2021ರ ಹೊತ್ತಿಗೆ ಆ ವಿಮಾನದ ಜೋಡಣೆ ಪೂರ್ತಿ ಅಲ್ಲಿಗೇ ಹೋಯಿತು. ಯೂನಿಯನ್ನಿಗೆ ಹೆದರಿ ಜಾಗ ಬದಲಿಸುವುದು ಉಂಟು ಎಂಬುದನ್ನು ಒಪ್ಪಲೇಬೇಕು. ಆದರೆ ಚಾರ್ಲ್‌ಸ್ಟನ್ ಬರಿ ಬಯಲಾಗಿರಲಿಲ್ಲ. 787ರ ಹಿಂಭಾಗ ತಯಾರಿಸುತ್ತಿದ್ದ ಕಾರ್ಖಾನೆಯನ್ನು ಬೋಯಿಂಗ್ ಅಲ್ಲಿ ಅದಾಗಲೇ ಕೊಂಡಿತ್ತು, ರಾಜ್ಯ ಸರ್ಕಾರ ನೂರಾರು ಮಿಲಿಯನ್ ಡಾಲರುಗಳ ರಿಯಾಯಿತಿ ಸುರಿದಿತ್ತು. ಅಲ್ಲಿಗೆ ಹೋದದ್ದರಿಂದ ನೆಮ್ಮದಿಯೂ ಸಿಗಲಿಲ್ಲ. ಒಡಲಿನ ಭಾಗಗಳು ಕೂಡುವಲ್ಲಿ ಕಾಗದದ ದಪ್ಪದ ಸಂದುಗಳು ಕಂಡು 2021 ಮತ್ತು 2022ರಲ್ಲಿ ತಿಂಗಳುಗಟ್ಟಲೆ ವಿಮಾನಗಳ ಹಸ್ತಾಂತರ ನಿಂತಿತು. ಎಲ್ಲ ದೋಷವನ್ನೂ ಚಾರ್ಲ್‌ಸ್ಟನ್ ತಲೆಗೆ ಕಟ್ಟುವುದು ನ್ಯಾಯವಲ್ಲ, ಬೇರೆ ದೇಶಗಳಿಂದ ಬಂದ ಭಾಗಗಳಲ್ಲೂ ತಪ್ಪಿತ್ತು. ಅಗ್ಗದ, ಸದ್ದಿಲ್ಲದ ದುಡಿಮೆಯೊಂದೇ ವಿಮಾನವನ್ನು ಹಾರಿಸಲಾರದು ಎಂಬಷ್ಟಕ್ಕೆ ಮಾತ್ರ ಅದು ಸಾಕ್ಷಿ. ಕಥೆ ಅಲ್ಲಿಗೂ ಮುಗಿಯಲಿಲ್ಲ. 2024ರಲ್ಲಿ ಸಿಯಾಟಲ್ ಭಾಗದ 33,000 ಕಾರ್ಮಿಕರು ಏಳು ವಾರ ಮುಷ್ಕರ ನಡೆಸಿ 38% ವೇತನ ಹೆಚ್ಚಳ ಪಡೆದರು. ಒಪ್ಪಂದದ ಅವಧಿಯಲ್ಲಿ ಹೊಸ ಮಾದರಿಯ ವಿಮಾನ ಕೈಗೆತ್ತಿಕೊಂಡರೆ ಅದನ್ನು ಅಲ್ಲಿಯೇ ಕಟ್ಟಬೇಕು ಎಂಬ ಮಾತನ್ನೂ ಒಪ್ಪಂದದಲ್ಲಿ ಬರೆಸಿಕೊಂಡರು. ಕಾರ್ಖಾನೆ ಎಲ್ಲಿರಬೇಕು ಎಂಬ ತೀರ್ಮಾನದಲ್ಲಿ ಕಾರ್ಮಿಕರಿಗೂ ಒಂದು ಮಾತು ದಕ್ಕಿತು.

ಯೂನಿಯನ್ ಇಲ್ಲದಿದ್ದರೆ ಶಾಂತಿ ಇರುತ್ತದೆ ಎಂಬ ನಂಬಿಕೆಗೆ ಉತ್ತರ ಕೋಲಾರದಲ್ಲೇ ಇದೆ. ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಹೆಚ್ಚಿನವರು ಗುತ್ತಿಗೆಯವರು. 2020ರ ಡಿಸೆಂಬರ್ 12ರಂದು ಸಂಬಳದ ಸಿಟ್ಟು ಗಾಜು ಪುಡಿಗಟ್ಟುವ ದಾಂಧಲೆಯಾಗಿ ಸ್ಫೋಟಿಸಿತು. ವೇತನ ಪಾವತಿಯಲ್ಲಿ ಲೋಪಗಳಿದ್ದವು ಎಂದು ನಂತರದ ತನಿಖೆಯೂ ಹೇಳಿತು. ಅಹವಾಲು ಹೇಳಲು ಒಂದು ಮೇಜು, ಕೇಳಲು ಒಬ್ಬ ಮುಖಂಡ ಇದ್ದಿದ್ದರೆ ಆ ಬೆಳಗು ಬೇರೆಯಾಗಿರುತ್ತಿತ್ತು. ಇನ್ನು ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು ಗುರುತಿಸಿದ್ದ 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟಿತು. ಅದಕ್ಕೆ ಕಾರಣವಾದ, ಮೂರು ವರ್ಷ ದಾಟಿದ ಧರಣಿ ರೈತರದ್ದು, ಕಾರ್ಮಿಕರದ್ದಲ್ಲ. ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್ ನಮ್ಮಲ್ಲಿ ಬನ್ನಿ ಎಂದು ಕಂಪನಿಗಳನ್ನು ಕರೆದರು. ಅವರು ಮುಂದಿಟ್ಟದ್ದು 8,000 ಎಕರೆ ಸಿದ್ಧ ಭೂಮಿ. ಯೂನಿಯನ್ನಿನ ಮಾತು ಎಲ್ಲೂ ಬರಲಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಗುಡೇಕೋಟೆಯಿಂದ ಮೊಳಕಾಲ್ಮುರು ದಾಟಿದರೆ ಚಳ್ಳಕೆರೆ ತಾಲ್ಲೂಕು. ಅಲ್ಲಿನ ಅಮೃತಮಹಲ್ ಕಾವಲಿನ 4,290 ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಹೋಗಿ, 2017ರಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ನೆಲೆ ಶುರುವಾಯಿತು. ಕುರಿ ದನ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ಆಕಾಶದಲ್ಲಿ ವಿಮಾನ ಹಾರುವುದಕ್ಕೂ ಊರಿನ ಮಕ್ಕಳ ಕೈಗೆ ಕೆಲಸ ಬರುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ತಿಳಿಯಲು ಅದಕ್ಕಿಂತ ಬೇರೆ ಪಾಠ ಬೇಡ. ಗುಡೇಕೋಟೆಯ ಬಂಡೆಗುಡ್ಡಗಳು ಕರಡಿಧಾಮ, ಅಲ್ಲಿ ಕಾರ್ಖಾನೆ ಬರಲೂ ಬಾರದು. ಆದರೆ ಕೂಡ್ಲಿಗಿಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ ಹಾದಿದೆ, ಕೊಟ್ಟೂರಿಗೆ ರೈಲು ಇದೆ, ತೋರಣಗಲ್ಲಿನಲ್ಲಿ ರನ್‌ವೇ ಇದೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ಹೋರಾಡಿ ಹರಪನಹಳ್ಳಿ ದಾವಣಗೆರೆಯನ್ನು ಬಿಟ್ಟು ಬಳ್ಳಾರಿಗೆ ಮರಳಿತು, ಈಗ ಎಲ್ಲರೂ ವಿಜಯನಗರ ಜಿಲ್ಲೆಯವರು. ಕೇಳಿ ಪಡೆಯುವುದು ನಮ್ಮವರಿಗೆ ಗೊತ್ತಿದೆ. ನಮ್ಮಲ್ಲಿ ಕೊರತೆ ಇರುವುದು ಕಲಿತ ಕೈಗಳದು. ಐಟಿಐ ಮುಗಿಸಿದ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಅಲ್ಲಿ ಹಲವರ ಕೈಗೆ ಸಿಗುವ ಮೊದಲ ಕಾಗದದ ಮೇಲೆ ಕಂಪನಿಯ ಹೆಸರಿನ ಬದಲು ಗುತ್ತಿಗೆದಾರರ ಹೆಸರಿರುತ್ತದೆ. ವಿಮಾನಪುರದ ಹಳೆಯ ತಲೆಮಾರಿಗೆ ಖಾಯಂ ನೌಕರಿ, ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ ಸಿಕ್ಕಿತ್ತು. ಅದರ ಹಿಂದೆ ವರ್ಷಾನುಗಟ್ಟಲೆಯ ಗೇಟ್ ಮೀಟಿಂಗುಗಳಿದ್ದವು. ಮುಂದಿನ ಸಲ ಮಂತ್ರಿಗಳಿಗೆ ಕೈಗಾರಿಕೆಯ ಮನವಿ ಪತ್ರ ಬರೆಯುವವರು ‘ನಮ್ಮಲ್ಲಿ ಯೂನಿಯನ್ ಇಲ್ಲ’ ಎಂಬ ಸಾಲನ್ನು ಹೊಡೆದುಹಾಕಲಿ. ಆ ಜಾಗದಲ್ಲಿ, ಕೂಡ್ಲಿಗಿಯ ಮಕ್ಕಳಿಗೆ ವಿಮಾನದ ತಗಡು ಕೂರಿಸುವುದನ್ನು ಕಲಿಸುವ ಒಂದು ತರಬೇತಿ ಕೇಂದ್ರ ಬೇಕು, ಕಲಿತವರಿಗೆ ಖಾಯಂ ಕೆಲಸ ಬೇಕು ಎಂದು ಬರೆಯಲಿ.